ಹೊಳೆ ಹಿನ್ನೀರಾದ ಮೇಲೆ: ಮೀನುಗಾರರ ತೆಪ್ಪ ಮತ್ತು ಇನ್ನೂ ಬಾರದ ತರಬೇತಿ

ಕೃಷ್ಣಾ ನದಿಯ ಕೊರ್ತಿ–ಕೊಲ್ಹಾರ ಸೇತುವೆಯ ಉದ್ದ ಸುಮಾರು 3 ಕಿಲೋಮೀಟರ್. ಆಲಮಟ್ಟಿ ಜಲಾಶಯ ತುಂಬಿದ ದಿನಗಳಲ್ಲಿ ಅಲ್ಲಿ ನಿಂತರೆ ಎರಡೂ ಕಡೆ ನೀರೇ ನೀರು, ನಡುವೆ ಅಲ್ಲೊಂದು ಇಲ್ಲೊಂದು ತೆಪ್ಪ, ಅಂದರೆ ದುಂಡನೆಯ ಹರಿಗೋಲು. ತೆಪ್ಪ ಮುಗುಚಿದ ಸುದ್ದಿ ಬಂದಾಗಲೆಲ್ಲ ‘ಲೈಫ್ ಜಾಕೆಟ್ ಕೊಡಿ, ತರಬೇತಿ ಕೊಡಿ’ ಎನ್ನುವ ಮಾತು ಏಳುತ್ತದೆ. ಎಂಥ ತರಬೇತಿ, ಯಾರು ಕೊಡಬೇಕು ಎಂದು ಕೇಳುವ ಹೊತ್ತಿಗೆ ಅದು ತಣ್ಣಗಾಗಿರುತ್ತದೆ.

ಮೀನುಗಾರಿಕೆ ದೋಣಿಗಳ ಸುರಕ್ಷತೆಯ ನಿಯಮಗಳು ಬೆಳೆದದ್ದು ಕಡಲ ಕಡೆ. ಕೊಚ್ಚಿಯಲ್ಲಿ ಮೀನುಗಾರಿಕೆ ನೌಕೆಗಳ ಸಿಬ್ಬಂದಿಗೆ ತರಬೇತಿ ಕೊಡುವ ಕೇಂದ್ರ ಸಂಸ್ಥೆ ಶುರುವಾದದ್ದು 1963ರಲ್ಲಿ. ಆ ಸಿಬ್ಬಂದಿಯ ತರಬೇತಿಗೆ 1995ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೂ ಆಯಿತು, ಆದರೆ ಅದು ನೋಡುವುದು ಮುಖ್ಯವಾಗಿ 24 ಮೀಟರ್‌ಗಿಂತ ಉದ್ದದ ನೌಕೆಗಳನ್ನು. ನಮ್ಮ ಹರಿಗೋಲಿನ ಅಡ್ಡಳತೆ ಎರಡು ಮೀಟರ್ ಆಸುಪಾಸು. ಒಳನಾಡಿಗೆಂದು 1917ರಲ್ಲೇ ಬಂದ ಕಾಯ್ದೆ ಯಂತ್ರದ ದೋಣಿಗಳದ್ದು. ಯಂತ್ರವಿಲ್ಲದ ದೋಣಿಗಳಿಗೂ ಒಂದು ಅಧ್ಯಾಯ ಸಿಕ್ಕಿದ್ದು 2021ರ ಹೊಸ ಕಾಯ್ದೆಯಲ್ಲಿ.

ಅಲ್ಲಿಯವರೆಗೆ ತರಬೇತಿ ಎಂದರೆ ಅಪ್ಪ ಮಗನಿಗೆ ಹೇಳಿಕೊಟ್ಟದ್ದು: ಎಲ್ಲಿ ಮಡು, ಎಲ್ಲಿ ಸುಳಿ, ಯಾವ ಬಂಡೆಯ ಹಿಂದೆ ಸೆಳವು ಕಡಿಮೆ. 1970ರ ದಶಕದಲ್ಲಿ ನವಿಲುತೀರ್ಥ ಮತ್ತು ಹಿಡಕಲ್ ಜಲಾಶಯಗಳು ಬಂದವು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಗೆ ಸಮುದ್ರಮಟ್ಟದಿಂದ 519.6 ಮೀಟರ್‌ವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ ಒಪ್ಪಿದ್ದು 2000ರಲ್ಲಿ. ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳು ಮುಳುಗಿದವು, ಅವುಗಳ ಜೊತೆ ಅಂಬಿಗರ ಲೆಕ್ಕಾಚಾರವೂ ಮುಳುಗಿತು.

ಮೊದಲು ಬದಲಾದದ್ದು ಗಾಳಿಯ ಆಟ. ಹೊಳೆಯಲ್ಲಿ ಗಾಳಿಗೆ ಓಡಲು ಜಾಗವಿರಲಿಲ್ಲ. ಹಿನ್ನೀರು ಪಶ್ಚಿಮದಿಂದ ಪೂರ್ವಕ್ಕೆ ಚಾಚಿದೆ, ಮುಂಗಾರಿನ ಗಾಳಿಯೂ ಅದೇ ದಿಕ್ಕಿನದು. ತೆರೆದ ನೀರಿನ ಮೇಲೆ ಗಾಳಿ ಎಷ್ಟು ದೂರ ಓಡಿದರೆ ಅಲೆ ಅಷ್ಟು ಎತ್ತರ. ದುಂಡನೆಯ ತೆಪ್ಪಕ್ಕೆ ಮೂತಿ ಇಲ್ಲ, ಅಲೆಯನ್ನು ಸೀಳಿಕೊಂಡು ಹೋಗಲಾರದು, ಗಿರಗಿರನೆ ತಿರುಗುತ್ತದೆ. ಬೇಸಿಗೆಯ ಅಡ್ಡಮಳೆಯ ಬಿರುಗಾಳಿಯಂತೂ ಮುನ್ಸೂಚನೆ ಕೊಡುವುದು ಸ್ವಲ್ಪ ಹೊತ್ತು ಮಾತ್ರ. ಗುಡುಗು ಕೇಳಿದೊಡನೆ ಬಲೆ ಬಿಟ್ಟು ಹತ್ತಿರದ ದಂಡೆಗೆ ಹೋಗಬೇಕು, ತಮ್ಮೂರಿನ ದಂಡೆಗೇ ಹೋಗುತ್ತೇನೆಂದು ಹಟ ಮಾಡಬಾರದು.

ಇನ್ನೊಂದು ಅಪಾಯ ತಳದಲ್ಲಿದೆ. ಜಾಲಿಯ ಬೊಡ್ಡೆ, ಮನೆಯ ಗೋಡೆ, ಬಾವಿಕಟ್ಟೆ ಎಲ್ಲ ಹಾಗೇ ನಿಂತಿವೆ. ನೀರು ಇಳಿದಂತೆ ಅವು ಮೇಲ್ಮೈಯ ಒಂದೆರಡು ಅಡಿ ಕೆಳಕ್ಕೆ ಬರುತ್ತವೆ. ಬಲೆ ಅವಕ್ಕೆ ಸಿಕ್ಕಿಕೊಂಡಾಗ ಇಬ್ಬರೂ ಒಂದೇ ಬದಿಗೆ ಬಾಗಿ ಜಗ್ಗುತ್ತಾರೆ. ಮುಗುಚುವುದು ಹೆಚ್ಚಾಗಿ ಇಲ್ಲಿಯೇ. ತಳದಲ್ಲಿ ನಾಲ್ಕು ಬೆರಳು ನೀರು ನಿಂತಿದ್ದರೆ ಅದೂ ಬಾಗಿದ ಕಡೆಗೇ ಹರಿದು ಭಾರ ಕೂಡಿಸುತ್ತದೆ. ಹಾಗಾಗಿ ಒಬ್ಬ ಜಗ್ಗುವಾಗ ಇನ್ನೊಬ್ಬ ಎದುರು ಬದಿಯಲ್ಲಿ ಕುಳಿತಿರಬೇಕು. ಕೈಗೆ ಸಿಗುವಲ್ಲಿ ಚಾಕು, ನೀರು ಮೊಗೆಯಲು ಡಬ್ಬಿ ಎರಡನ್ನೂ ದಾರದಿಂದ ಕಟ್ಟಿರಬೇಕು. ಬಲೆ ಬಾರದಿದ್ದರೆ ಕೊಯ್ದುಬಿಡಬೇಕು. ಸಾಲ ಮಾಡಿ ತಂದ ಬಲೆಯನ್ನು ಕೊಯ್ಯಲು ಕೈ ಬರುವುದಿಲ್ಲ, ನಿಜ. ಆದರೂ ಜಾಕೆಟ್‌ಗಿಂತ ಮೊದಲು ಕಲಿಸಬೇಕಾದದ್ದು ಇದನ್ನೇ.

ತೆಪ್ಪವೇ ಬದಲಾಗಿದೆ. ಬಿದಿರಿನದು ಮುಗುಚಿದರೂ ತೇಲುತ್ತಿತ್ತು, ಹಿಡಿದುಕೊಂಡು ಕಾಯಬಹುದಿತ್ತು. ಬರಿಯ ಫೈಬರ್ ತೆಪ್ಪ ನೀರು ತುಂಬಿದರೆ ಮುಳುಗುತ್ತದೆ. ಬಿಗಿಯಾಗಿ ಮುಚ್ಚಿದ 20 ಲೀಟರ್‌ನ ಖಾಲಿ ಎರಡು ಕ್ಯಾನ್‌ಗಳನ್ನು ಎದುರುಬದುರಾಗಿ ಒಳಗೆ ಕಟ್ಟಿದರೆ ಒಂದೊಂದೂ ಹೆಚ್ಚುಕಡಿಮೆ 19 ಕಿಲೋ ಭಾರ ಎತ್ತಿ ಹಿಡಿಯುತ್ತದೆ. ಬಿರುಕಿಗೆ ತೇಪೆ ಹಾಕುವಾಗ ಒದ್ದೆ ಜಾಗಕ್ಕೆ ರೆಸಿನ್ ಎಂಬ ಅಂಟು ಹಿಡಿಯುವುದಿಲ್ಲ. ಒಣಗಿಸಿ, ಸುತ್ತ ಮೂರು ಬೆರಳಷ್ಟು ಉಜ್ಜಿ ಒರಟು ಮಾಡಿ, ಆಮೇಲೆ ಗಾಜಿನ ನಾರಿನ ಮ್ಯಾಟ್ ಕೂರಿಸಬೇಕು.

ಹಂಚಿದ ಜಾಕೆಟ್‌ಗಳು ಎಲ್ಲಿ ಹೋದವು ಎಂಬ ಪ್ರಶ್ನೆಗೂ ಉತ್ತರ ತೆಪ್ಪದಲ್ಲೇ ಇದೆ. ಬಕಲ್‌ಗೆ ಬಲೆಯ ಕಣ್ಣು ಸಿಕ್ಕಿಕೊಳ್ಳುತ್ತದೆ, ಬಿಚ್ಚಿ ಕೆಳಗೆ ಹಾಕಿ ಅದರ ಮೇಲೆ ಕೂರುತ್ತಾರೆ, ಒಳಗಿನ ಫೋಮ್ ಒತ್ತಿಕೊಂಡು ತೇಲುವ ಗುಣ ಕುಂದುತ್ತದೆ. ಎದೆಯ ಮೇಲೆ ಬಕಲ್ ಚಾಚದ, ತೋಳು ಬಿಡುವಾಗಿರುವ ಜಾಕೆಟ್ ಬೇಕು. ಇದನ್ನು ಕಚೇರಿಯ ಸಭಾಂಗಣದಲ್ಲಿ ತೋರಿಸಿದರೆ ಸಾಲದು. ತೊಟ್ಟು ನೀರಿಗಿಳಿದು, ಮುಗುಚಿದ ತೆಪ್ಪ ಹಿಡಿದು ಹತ್ತು ನಿಮಿಷ ತೇಲಿದವನಿಗೆ ಅದರ ಮೇಲೆ ನಂಬಿಕೆ ಬರುತ್ತದೆ.

ದಂಡೆಯ ಮೇಲೂ ಕಲಿಯುವುದಿದೆ. ಮುಳುಗಿದವರನ್ನು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತುವುದು ಇನ್ನೂ ನಡೆದಿದೆ. ಹಾಗೆ ಮಾಡಿದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಹೊತ್ತೂ ಕಳೆಯುತ್ತದೆ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ನಂತರ ಎದೆಯ ನಡುವೆ 30 ಸಲ ಒತ್ತಿ, 2 ಸಲ ಉಸಿರು ಕೊಡುತ್ತ ಮುಂದುವರಿಯಬೇಕು.

2020ರಲ್ಲಿ ಬಂದ ಮತ್ಸ್ಯ ಸಂಪದಾ ಯೋಜನೆಯಲ್ಲಿ ಮೀನುಗಾರ ಅಪಘಾತದಲ್ಲಿ ಸತ್ತರೆ 5 ಲಕ್ಷ ರೂಪಾಯಿ ವಿಮೆ ಇದೆ. ಬೇಕಾದದ್ದೇ. ಸಾಯದಂತೆ ನೋಡಿಕೊಳ್ಳುವ ವ್ಯವಸ್ಥೆ ಮಾತ್ರ ಊರೂರಲ್ಲಿ ಇಲ್ಲ. ಪ್ರತಿ ಮೀನುಗಾರರ ಸಹಕಾರ ಸಂಘದಿಂದ ಇಬ್ಬರು ಹಿರಿಯ ಅಂಬಿಗರನ್ನೂ ತೆಪ್ಪ ಮಾಡುವ ಒಬ್ಬರನ್ನೂ ತರಬೇತುದಾರರಾಗಿ ತಯಾರು ಮಾಡಿದರೆ, ಹೊರಗಿನಿಂದ ಬಂದು ಹೋಗುವವರನ್ನು ಕಾಯುವ ಪಾಡು ತಪ್ಪುತ್ತದೆ.

ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಒಪ್ಪಿದೆ. ಅಷ್ಟು ನೀರು ನಿಂತರೆ ಇನ್ನಷ್ಟು ಊರು, ತೋಟ, ಬಾವಿಗಳು ತಳ ಸೇರುತ್ತವೆ. ಅವು ಕಣ್ಣಿಗೆ ಕಾಣುತ್ತಿರುವಾಗಲೇ ಆ ಅಂಬಿಗರನ್ನು ಕರೆದೊಯ್ದು ಒಂದೊಂದನ್ನೂ ನಕ್ಷೆಯಲ್ಲಿ ಗುರುತಿಸಬೇಕು, ತೆಪ್ಪ ಓಡಾಡುವ ದಾರಿಯ ಬೊಡ್ಡೆಗಳನ್ನು ಬುಡಸಮೇತ ಕಡಿಸಬೇಕು.