ಶ್ವಾಸಕೋಶದ ಆಪರೇಷನ್ ನಂತರ: ಮೂರು ಚೆಂಡಿನ ಲೆಕ್ಕ

ಫಿಸಿಯೋಥೆರಪಿ ಓದುತ್ತಿರುವವರಿಗೆ ಈ ಟಿಪ್ಪಣಿ. ಬಲ ಶ್ವಾಸಕೋಶದಲ್ಲಿ 3 ಹಾಲೆ, ಎಡದಲ್ಲಿ 2, ಕ್ಯಾನ್ಸರ್ ಇರುವ ಹಾಲೆಯನ್ನು ತೆಗೆದರೆ ಲೋಬೆಕ್ಟಮಿ. ಇಷ್ಟು ನಿಮಗೆ ಗೊತ್ತೇ ಇದೆ.

ಆಪರೇಷನ್ ಆದವರು ನೋವಿಗೆ ಹೆದರಿ ಮೇಲೆ ಮೇಲೆ ಉಸಿರಾಡುತ್ತಾರೆ, ಕೆಮ್ಮುವುದೇ ಇಲ್ಲ. ಶ್ವಾಸಕೋಶದ ತಳಭಾಗ ಮುದುಡುತ್ತದೆ, ಕಫ ಅಲ್ಲೇ ಕೂರುತ್ತದೆ, ಆಮೇಲೆ ಸೋಂಕು. ನಾವು ಮಾಡಿಸುವ ವ್ಯಾಯಾಮವೆಲ್ಲ ಇದನ್ನು ತಡೆಯುವುದಕ್ಕೇ.

ಈಗ ಸ್ಪೈರೋಮೀಟರ್, ಅಂದರೆ ಉಸಿರು ಎಳೆದಾಗ ಮೂರು ಚೆಂಡುಗಳು ಮೇಲೇಳುವ, ಉಸಿರಿನ ವ್ಯಾಯಾಮದ ಡಬ್ಬಿ. ಅದನ್ನು ಊದಬಾರದು, ಒಳಕ್ಕೆ ಎಳೆಯಬೇಕು. ವಾರ್ಡಿನಲ್ಲಿ "ಅಜ್ಜ, ಊದ್ಬೇಡಿ, ನಿಧಾನಕ್ಕೆ ಎಳ್ಕೊಳ್ಳಿ" ಅಂತ ಹೇಳುತ್ತಲೇ ಇರಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಗೊಂದಲ ಚೆಂಡುಗಳದ್ದು. ಮೂರೂ ಮೇಲೆ ಹೋದರೆ ಜಾಸ್ತಿ ಗಾಳಿ ಒಳಗೆ ಹೋಯಿತು ಅಂತ ಅನಿಸುತ್ತದೆ, ಅಲ್ವಾ? ಅಲ್ಲ. ಡಬ್ಬಿಯ ಮೇಲಿರುವ 600, 900, 1200 ಗಾಳಿಯ ಪ್ರಮಾಣವಲ್ಲ, ವೇಗ. ಸೆಕೆಂಡಿಗೆ ಇಷ್ಟು ಮಿಲಿಲೀಟರ್ ಎಳೆದರೆ ಆ ಚೆಂಡು ಏಳುತ್ತದೆ, ಅಷ್ಟೇ.

ಪ್ರಮಾಣ ಬೇಕಿದ್ದರೆ ವೇಗವನ್ನು ಸಮಯದಿಂದ ಗುಣಿಸಿ. ಒಬ್ಬರು ಮೂರೂ ಚೆಂಡು ಎತ್ತಿದರು, ಆದರೆ ಅರ್ಧ ಸೆಕೆಂಡು ಮಾತ್ರ: 1200 × 0.5 = 600 ಮಿಲಿ. ಪಕ್ಕದ ಬೆಡ್ಡಿನವರು ಮೊದಲ ಚೆಂಡನ್ನಷ್ಟೇ ಎತ್ತಿ 3 ಸೆಕೆಂಡು ಹಿಡಿದರು: 600 × 3 = 1800 ಮಿಲಿ. ಒಂದೇ ಚೆಂಡಿನವರ ಒಳಗೆ ಮೂರು ಪಟ್ಟು ಗಾಳಿ ಹೋಗಿದೆ! ಇದು ಅಂದಾಜು ಲೆಕ್ಕ, ಆದರೆ ರೋಗಿಗೆ ತೋರಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಗಬಕ್ಕನೆ ಎಳೆದರೆ ಕುತ್ತಿಗೆ, ಭುಜದ ಸ್ನಾಯುಗಳೇ ಕೆಲಸ ಮಾಡುತ್ತವೆ. ನಿಧಾನಕ್ಕೆ ಎಳೆದರೆ ಗಾಳಿ ತಳದವರೆಗೂ ಇಳಿಯಲು ಸಮಯ ಸಿಗುತ್ತದೆ. ಒಂದೇ ಸಮನೆ ಮಾಡಿಸಬೇಡಿ, ತಲೆ ಸುತ್ತುತ್ತದೆ.

ಹಾಗಂತ ಸ್ಪೈರೋಮೀಟರ್ ಹಿಡಿದು ಸುಮ್ನೆ ಬೆಡ್ಡಿನಲ್ಲೇ ಕೂರಿಸಬೇಡಿ. ಶ್ವಾಸಕೋಶ ಶಸ್ತ್ರಚಿಕಿತ್ಸೆಗೆ 2019ರಲ್ಲಿ ಬಂದ ಯುರೋಪಿನ ಮಾರ್ಗಸೂಚಿ ಒತ್ತು ಕೊಡುವುದು 24 ಗಂಟೆಯೊಳಗೆ ರೋಗಿಯನ್ನು ಎಬ್ಬಿಸಿ ಓಡಾಡಿಸುವುದಕ್ಕೆ. ಎದೆಯ ನಳಿಕೆ (ಎದೆಯಲ್ಲಿ ಸೇರಿದ ಗಾಳಿ, ದ್ರವವನ್ನು ಬಾಟಲಿಗೆ ಹರಿಸುವ ಕೊಳವೆ) ಇದ್ದರೂ ನಡೆಯಬಹುದು, ಬಾಟಲಿ ಮಾತ್ರ ಎದೆಯ ಮಟ್ಟಕ್ಕಿಂತ ಕೆಳಗಿರಲಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಏದುಸಿರು ಬಂದರೆ ನಿಂತು, ತುಟಿ ಕಿರಿದು ಮಾಡಿ ಉದ್ದಕ್ಕೆ ಉಸಿರು ಬಿಡಲಿ.

ಕೆಮ್ಮುವಾಗ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿಯಬೇಕು. ಕೆಮ್ಮಲು ಆಗದಿದ್ದರೆ, ಕನ್ನಡಕ ಒರೆಸಲು ಆವಿ ಬಿಡುವ ಹಾಗೆ ಬಾಯಿ ತೆರೆದು "ಹಾ" ಅನ್ನಿಸಿ.

ಭುಜ: ಆಪರೇಷನ್ ಆದ ಕಡೆಯ ಕೈ ಬಿಗಿಯುತ್ತದೆ. ಗೋಡೆಯ ಮೇಲೆ ಬೆರಳು ಹತ್ತಿಸುತ್ತಾ ಹೋಗಲಿ. ಎಳೆತ ಇರಬಹುದು, ಚುಚ್ಚುವ ನೋವು ಬಂದರೆ ನಿಲ್ಲಿಸಿ.

ನೋವಿನ ಮಾತ್ರೆ ಕೆಲಸ ಮಾಡುವ ಹೊತ್ತಿಗೇ ವ್ಯಾಯಾಮ ಇಟ್ಟುಕೊಳ್ಳಿ. ಮುಂಭಾಗದ ಪಕ್ಕೆಯಲ್ಲಿ ಜೋಮು, ಉರಿ ತಿಂಗಳುಗಟ್ಟಲೆ ಇರಬಹುದು. ಪಕ್ಕೆಲುಬುಗಳ ನಡುವಿನ ನರಕ್ಕೆ ಪೆಟ್ಟಾಗಿರುತ್ತದೆ. ಮಾರ್ಫಿನ್ ಜಾತಿಯ ಔಷಧಿಗಳಿಂದ ಮಲಬದ್ಧತೆ ಆಗುತ್ತದೆ, ರೋಗಿ ನಾಚಿಕೊಂಡು ಹೇಳುವುದಿಲ್ಲ, ನಾವೇ ಕೇಳಬೇಕು.

ಏಕಾಏಕಿ ಉಸಿರುಗಟ್ಟಿದರೆ, ಎದೆನೋವು ಹೊಸದಾಗಿ ಬಂದರೆ, ಕೆಮ್ಮಿದಾಗ ರಕ್ತ ಬಂದರೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ವ್ಯಾಯಾಮ ಬಿಟ್ಟು ತಕ್ಷಣ ಡಾಕ್ಟರನ್ನು ಕರೆಯಿರಿ.