ಜೆಪ್ಪುವಿನ ಮಣ್ಣು, ಆಲ್ಸೇಸಿನ ಅಚ್ಚು

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಬೆಂಗಳೂರಿನವರು ಮೂರು ವರ್ಷದಲ್ಲಿ ಕಾಣುವ ಮಳೆ ನಮಗೆ ಒಂದೇ ಮಳೆಗಾಲದ್ದು. ಇಂಥ ಊರಲ್ಲಿ ಮನೆ ಕಟ್ಟುವವರಿಗೆ ಗೋಡೆಗಿಂತ ಮಾಡಿನ, ಅಂದರೆ ಸೂರಿನ, ಚಿಂತೆ ಜಾಸ್ತಿ.

ನೂರೈವತ್ತು ಅರವತ್ತು ವರ್ಷದ ಹಿಂದೆ ಬಡವರ ಮನೆಯ ಮಾಡು ಅಂದರೆ ಮುಳಿಹುಲ್ಲು ಇಲ್ಲವೇ ತೆಂಗಿನ ಮಡಲು. ಪ್ರತಿವರ್ಷ ಬೇಸಿಗೆಯಲ್ಲಿ ಹಳೇದನ್ನು ಕಿತ್ತು ಹೊಸದು ಹೊದೆಸಬೇಕು. ಒಣಗಿದ ಹುಲ್ಲಿಗೆ ಒಂದು ಕಿಡಿ ಹಾರಿದರೆ ಸಾಕು, ಮನೆ ಹೋದಂತೆ. ಸ್ವಲ್ಪ ಅನುಕೂಲ ಇದ್ದವರು ಕುಂಬಾರರು ಮಾಡಿದ ನಾಡಹಂಚು ಹೊದೆಸುತ್ತಿದ್ದರು. ಅರ್ಧ ಕೊಳವೆಯಂಥ ಈ ಹಂಚನ್ನು ಒಂದರ ಮೇಲೊಂದು ದಟ್ಟವಾಗಿ ಪೇರಿಸಬೇಕು. ಭಾರ ಹೆಚ್ಚು, ಅದನ್ನು ಹೊರಲು ಮರವೂ ಹೆಚ್ಚು. ಮಂಗ ಹತ್ತಿ ಓಡಿದರೆ ಹಂಚು ಜಾರುತ್ತದೆ, ಮರುದಿನವೇ ಸೋರಿಕೆ.

ಈ ಸಮಸ್ಯೆಗೆ ಮಂಗಳೂರು ಹಂಚು ಎಂಬ ಉತ್ತರ ಸಿಕ್ಕಿದ್ದು 1865ರಲ್ಲಿ, ಮಂಗಳೂರಿನ ನೇತ್ರಾವತಿ ದಡದ ಜೆಪ್ಪುವಿನಲ್ಲಿ. ಅದನ್ನು ಹುಡುಕಿದವರು ಮನೆ ಕಟ್ಟುವ ಮೇಸ್ತ್ರಿಯೂ ಅಲ್ಲ, ಕುಂಬಾರರೂ ಅಲ್ಲ. ಅವರು ಮುದ್ರಣದ ಪ್ರೆಸ್ಸು ನೋಡಿಕೊಳ್ಳಲು ಬಂದಿದ್ದ ಜರ್ಮನ್ ಪಾದ್ರಿ ಜಾರ್ಜ್ ಪ್ಲೆಬ್‌ಸ್ಟ್.

ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನ ಮೊದಲ ತಂಡ ಮಂಗಳೂರಿಗೆ ಬಂದದ್ದು 1834ರಲ್ಲಿ. ಬಂದದ್ದು ಧರ್ಮಪ್ರಚಾರಕ್ಕೆ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಬೇಗನೆ ಒಂದು ತೊಡಕು ಎದುರಾಯಿತು. ಮತ ಬದಲಿಸಿದವರನ್ನು ಜಾತಿಯವರು ಹೊರಗಿಟ್ಟರು. ಜಾತಿಯ ಜೊತೆಗೆ ಕಸುಬೂ ಹೋಯಿತು, ಗೇಣಿಗೆ ಮಾಡುತ್ತಿದ್ದ ಗದ್ದೆಯೂ ಹೋಯಿತು. ಇವರ ಹೊಟ್ಟೆಪಾಡಿಗೆ ಏನಾದರೂ ದಾರಿ ಮಾಡಲೇಬೇಕಿತ್ತು. ಹಾಗಾಗಿ ಮಿಷನ್‌ನವರು ಒಂದೊಂದೇ ಕೈಗಾರಿಕೆಗೆ ಕೈ ಹಾಕಿದರು. ಗಡಿಯಾರ ತಯಾರಿಕೆಯನ್ನೂ ಪ್ರಯತ್ನಿಸಿ ನೋಡಿದರು, ನಡೆಯಲಿಲ್ಲ. ಪ್ರೆಸ್ಸು ನೆಲೆ ನಿಂತಿತು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ್ದು ಇಲ್ಲಿಂದಲೇ. ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇದೇ ಮಿಷನ್ನಿನ ಪ್ರೆಸ್ಸಿನಲ್ಲಿ. ನೇಯ್ಗೆಯೂ ನೆಲೆ ನಿಂತಿತು. 1851ರಲ್ಲಿ ಬಂದ ಜಾನ್ ಹಾಲರ್ ಬಲ್ಮಠದಲ್ಲಿ ಮಗ್ಗ ಮತ್ತು ಬಣ್ಣದ ಮನೆ ನಡೆಸಿದರು. ಖಾಕಿ ಹುಟ್ಟಿದ್ದೇ ಅಲ್ಲಿ ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ವಾಯವ್ಯ ಗಡಿಯ ಗೈಡ್ಸ್ ಎಂಬ ಬ್ರಿಟಿಷರ ಸೇನಾಪಡೆ 1840ರ ದಶಕದಲ್ಲೇ ಖಾಕಿ ತೊಟ್ಟಿತ್ತು. ಖಾಕಿಯ ಕಥೆಯನ್ನು ಪೂರ್ತಿಯಾಗಿ ಹಾಲರ್ ಹೆಸರಿಗೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಹಂಚಿನ ವಿಷಯದಲ್ಲಿ ಆ ಗೊಂದಲ ಇಲ್ಲ. ಪ್ರೆಸ್ಸಿನ ಕೆಲಸಕ್ಕೆ ಬಂದ ಪ್ಲೆಬ್‌ಸ್ಟ್ ಯಂತ್ರ ಬಲ್ಲವರು. ರಜೆಯಲ್ಲಿ ಊರಿಗೆ ಹೋದಾಗ ಮಣ್ಣಿನ ಕೆಲಸ ಕಲಿತು ಬಂದರು. ಅವರ ಊರಿನ ಕಡೆ ಆಗಲೇ ಹೊಸ ಬಗೆಯ ಹಂಚೊಂದು ಹೆಸರು ಮಾಡಿತ್ತು. ರೈನ್ ನದಿಯ ಆಚೆಗಿರುವ ಫ್ರಾನ್ಸಿನ ಆಲ್ಸೇಸ್ ಸೀಮೆಯಲ್ಲಿ ಆಲ್ಟ್‌ಕಿರ್ಚ್ ಅಂತ ಒಂದು ಪಟ್ಟಣ. ಅಲ್ಲಿನ ಜಿಲಾರ್ಡೋನಿ ಸೋದರರು 1841ರಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿಗೆ ಪೇಟೆಂಟ್ ಪಡೆದಿದ್ದರು. ಬಾಸೆಲ್ ನಗರದಿಂದ ಆಲ್ಟ್‌ಕಿರ್ಚ್ ದೂರವೇನಲ್ಲ. ನಮ್ಮ ಮಂಗಳೂರು ಹಂಚು ಅದೇ ವಂಶದ್ದು.

ಒಂದು ಹಂಚನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ. ಎರಡೂವರೆ ಕೆಜಿ ಆಸುಪಾಸು ತೂಕ. ಉದ್ದುದ್ದ ಅಂಚಿನಲ್ಲಿ ಒಂದು ಕಡೆ ತೋಡು, ಇನ್ನೊಂದು ಕಡೆ ಆ ತೋಡಿಗೆ ಸರಿಯಾಗಿ ಕೂರುವ ಏಣು. ತಲೆಯ ಕಡೆ ಅಡ್ಡಕ್ಕೆ ಮತ್ತೊಂದು ಏಣು. ಕೆಳಮೈಯಲ್ಲಿ ಎರಡು ಮೂಗು. ಈ ಮೂಗುಗಳು ಮಾಡಿನ ಅಡ್ಡಪಟ್ಟಿಯಾದ ರೀಪಿಗೆ ಸಿಕ್ಕಿಕೊಂಡು ಹಂಚು ಜಾರದಂತೆ ಹಿಡಿಯುತ್ತವೆ. ಮೊಳೆ ಬೇಡ, ಗಾರೆ ಬೇಡ. ಅದೃಷ್ಟ ಇದ್ದರೆ ಹಿಂಬದಿಯಲ್ಲಿ ಬಾಸೆಲ್ ಮಿಷನ್ ಹೆಸರು, 1865 ಎಂಬ ಇಸವಿ ಉಬ್ಬಚ್ಚಿನಲ್ಲಿ ಕಾಣಬಹುದು.

ಆ ತೋಡು ಸುಮ್ನೆ ಚಂದಕ್ಕೆ ಇರುವುದಲ್ಲ. ಎರಡು ಚಪ್ಪಟೆ ಹಂಚನ್ನು ಒಂದರ ಮೇಲೊಂದು ಇಟ್ಟರೆ ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ನೀರು ಅಷ್ಟು ಕಿರಿದಾದ ಸಂದಿಗೆ ಹೊಕ್ಕರೆ ಎರಡೂ ಕಡೆಯ ಮೈಗೆ ಅಂಟಿಕೊಂಡು, ಇಳಿಜಾರಿಗೆ ಎದುರಾಗಿಯೂ ಏರುತ್ತದೆ. ಮಳೆಗಾಲದ ಪಡುಗಾಳಿ ಹಿಂದಿನಿಂದ ಒತ್ತಿದರಂತೂ ಕೇಳುವುದೇ ಬೇಡ. ಅಗಲವಾದ ತೋಡು ಎದುರಾದ ಕೂಡಲೇ ಆ ತೆಳ್ಳನೆಯ ನೀರಿನ ಪದರ ಕಡಿದುಹೋಗುತ್ತದೆ. ಎಳೆಯುವ ಬಲ ಇಲ್ಲದಾಗಿ ನೀರು ತೋಡಿನಲ್ಲಿ ಬಿದ್ದು, ತೋಡಿನ ಗುಂಟ ಕೆಳಗಿನ ಹಂಚಿನ ಬೆನ್ನಿಗೆ ಹರಿಯುತ್ತದೆ. ಅಂದರೆ ಈ ಹಂಚು ನೀರನ್ನು ಪೂರ್ತಿ ತಡೆಯಲು ಹೋಗುವುದೇ ಇಲ್ಲ. ಸ್ವಲ್ಪ ಒಳಗೆ ಬಿಟ್ಟು, ಅಲ್ಲಿಂದಲೇ ದಾರಿ ತೋರಿಸಿ ಹೊರಗೆ ಕಳಿಸುತ್ತದೆ. ಇಷ್ಟು ಜಾಣ ವಿನ್ಯಾಸವನ್ನು ನಾನು ಬೇರೆ ಯಾವ ಮನೆಬಳಕೆಯ ವಸ್ತುವಿನಲ್ಲೂ ಕಂಡಿಲ್ಲ. ಕಚ್ಚಿಕೊಳ್ಳುವ ಗುಣದಿಂದಾಗಿ ಹಂಚುಗಳು ಒಂದರ ಮೇಲೊಂದು ಸ್ವಲ್ಪವೇ ಕೂತರೆ ಸಾಕು. ಒಂದು ಚದರ ಮೀಟರಿಗೆ ಹದಿನೈದು ಹದಿನಾರು ಹಂಚಿನಲ್ಲಿ ಕೆಲಸ ಮುಗಿಯುತ್ತದೆ. ಮಾಡು ಹಗುರವಾಯಿತು, ಅದನ್ನು ಹೊರುವ ಪಕ್ಕಾಸಿಗೆ ಬೇಕಾದ ಮರ ಕಡಿಮೆಯಾಯಿತು.

ಅಚ್ಚು ಆಲ್ಸೇಸಿನದು, ಸರಿ. ಆದರೆ ಅಚ್ಚಿನಿಂದ ಮಾತ್ರ ಹಂಚು ಆಗುವುದಿಲ್ಲ. ಮಣ್ಣು ಬೇಕು. ಆ ಮಣ್ಣಿನ ಕಥೆ ಘಟ್ಟದಲ್ಲಿ ಶುರುವಾಗುತ್ತದೆ.

ಪಶ್ಚಿಮ ಘಟ್ಟದ ನೈಸ್ ಮತ್ತು ಗ್ರಾನೈಟ್ ಬಂಡೆಗಳಲ್ಲಿ ಫೆಲ್ಡ್‌ಸ್ಪಾರ್ ಅನ್ನುವ ಖನಿಜ ಧಾರಾಳವಾಗಿದೆ. ಬಿಸಿ ಹವೆ, ವಿಪರೀತ ಮಳೆ, ಕೊಳೆತ ಎಲೆಯಿಂದ ಸ್ವಲ್ಪ ಹುಳಿಯಾದ ನೀರು, ಈ ಮೂರೂ ಸೇರಿ ಲಕ್ಷಾಂತರ ವರ್ಷಗಳಲ್ಲಿ ಆ ಫೆಲ್ಡ್‌ಸ್ಪಾರನ್ನು ಕರಗಿಸಿ ಕೆಯೋಲಿನೈಟ್ ಎಂಬ ಜೇಡಿಯಾಗಿ ಮಾಡಿವೆ. ಬಂಡೆಯ ಕಬ್ಬಿಣ ತುಕ್ಕು ಹಿಡಿದು ಅದರ ಜೊತೆಗೇ ಬರುತ್ತದೆ. ನಮ್ಮ ಮುರಕಲ್ಲು ಕೆಂಪಾಗಿರುವುದೂ ಅದೇ ಕಬ್ಬಿಣದಿಂದ. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಇದನ್ನೆಲ್ಲ ಹೊತ್ತು ತಂದು, ಸಮುದ್ರದ ಹತ್ತಿರ ಹರಿವು ನಿಧಾನವಾದಾಗ ಇಳಿಸುತ್ತವೆ. ಮರಳು ಮೊದಲು ಬೀಳುತ್ತದೆ, ನುಣ್ಣನೆಯ ಜೇಡಿ ಕೊನೆಗೆ. ಹೊಳೆಬದಿಯ ಗದ್ದೆಗಳ ಅಡಿಯಲ್ಲಿ ಸಿಗುವುದು ಈ ಮಣ್ಣೇ. ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ್ದಕ್ಕೆ ಕಾರಣ ಸರಳ. ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸೌದೆ ದೋಣಿಯಲ್ಲಿ ಬರುತ್ತಿತ್ತು, ಹಂಚೂ ದೋಣಿಯಲ್ಲೇ ಹೋಗುತ್ತಿತ್ತು.

ಜೇಡಿಯ ಕಣಗಳು ಅತಿ ತೆಳ್ಳನೆಯ ಬಿಲ್ಲೆಗಳು. ನಡುವೆ ನೀರಿದ್ದಾಗ ಒಂದರ ಮೇಲೊಂದು ಜಾರುತ್ತವೆ, ಅದಕ್ಕೇ ಹಸಿ ಮಣ್ಣು ಅಚ್ಚಿಗೆ ಬಗ್ಗುತ್ತದೆ. ಒಣಗುವಾಗ ನೀರು ಹೋದಷ್ಟೂ ಬಿಲ್ಲೆಗಳು ಹತ್ತಿರ ಬರುತ್ತವೆ, ಹಂಚು ಕುಗ್ಗುತ್ತದೆ. ಹೊರಮೈ ಬೇಗ ಕುಗ್ಗಿ ಒಳಗಿನದು ಹಿಂದೆ ಬಿದ್ದರೆ ಬಿರುಕು ಖಚಿತ. ಹಾಗಾಗಿ ಅಚ್ಚಿನಿಂದ ತೆಗೆದ ಹಂಚನ್ನು ಬಿಸಿಲಿಗೆ ಇಡುವುದಿಲ್ಲ. ನೆರಳಿನಲ್ಲಿ, ಮರದ ಹಲಗೆಗಳ ಮೇಲೆ, ದಿನಗಟ್ಟಲೆ ಕಾಯಬೇಕು.

ಆಮೇಲೆ ಗೂಡು. ಮೊದಲು ಉಳಿದ ತೇವ ಆವಿಯಾಗುತ್ತದೆ. ಸುಮಾರು 500 ರಿಂದ 600 ಡಿಗ್ರಿ ಸೆಲ್ಸಿಯಸ್ ನಡುವೆ ದೊಡ್ಡ ಘಟನೆ ನಡೆಯುತ್ತದೆ. ಕೆಯೋಲಿನೈಟಿನ ರಚನೆಯಲ್ಲೇ ಸೇರಿಕೊಂಡಿದ್ದ ಹೈಡ್ರಾಕ್ಸಿಲ್ ಗುಂಪುಗಳು, ಅಂದರೆ ಆಮ್ಲಜನಕ ಮತ್ತು ಜಲಜನಕದ ಜೋಡಿಗಳು, ನೀರಾಗಿ ಹೊರಟುಹೋಗುತ್ತವೆ. ಹಸಿ ಹಂಚನ್ನು ನೀರಿಗೆ ಹಾಕಿದರೆ ಮತ್ತೆ ಕೆಸರಾಗುತ್ತದೆ. ಈ ಹಂತ ದಾಟಿದ್ದು ಮತ್ತೆಂದೂ ಮಣ್ಣಾಗುವುದಿಲ್ಲ. 900 ಡಿಗ್ರಿಯ ಹತ್ತಿರ ಕಣಗಳ ಅಂಚು ಸ್ವಲ್ಪ ಕರಗಿ ಬೆಸೆದುಕೊಳ್ಳುತ್ತವೆ. ಗಾಳಿ ಚೆನ್ನಾಗಿ ಆಡಿದರೆ ಕಬ್ಬಿಣವೆಲ್ಲ ಹೆಮಟೈಟ್ ಎಂಬ ಕೆಂಪು ಆಕ್ಸೈಡ್ ಆಗಿ ಆ ನಮೂನೆಯ ಕೆಂಪು ಬರುತ್ತದೆ. ಆಮ್ಲಜನಕ ಸಾಲದಿದ್ದರೆ ಅದೇ ಮಣ್ಣು ಕಪ್ಪಾಗುತ್ತದೆ. ತಣಿಸುವಾಗಲೂ ಅವಸರ ಕೂಡದು. ಮಣ್ಣಿನಲ್ಲಿರುವ ಮರಳಿನ ಸ್ಫಟಿಕ 573 ಡಿಗ್ರಿಯಲ್ಲಿ ತಟಕ್ಕನೆ ಕುಗ್ಗುತ್ತದೆ. ಗೂಡಿನ ಬಾಗಿಲನ್ನು ಬೇಗ ತೆರೆದರೆ ಸಾಲುಸಾಲಾಗಿ ಹಂಚು ಒಡೆಯುತ್ತದೆ. ಈ ಸಂಖ್ಯೆಗಳೆಲ್ಲ ಗೂಡಿನ ಮುಂದೆ ನಿಂತವರಿಗೆ ಗೊತ್ತಿರಲಿಲ್ಲ. ಬೆಂಕಿಯ ಬಣ್ಣ ನೋಡಿ ಅವರು ಶಾಖ ಅಳೆಯುತ್ತಿದ್ದರು. ಪ್ಲೆಬ್‌ಸ್ಟ್ ಹೆಸರು ಪುಸ್ತಕದಲ್ಲಿ ಉಳಿಯಿತು. ಮಣ್ಣು ತುಳಿದವರ, ಹಸಿ ಹಂಚನ್ನು ತಲೆಯ ಮೇಲೆ ಹೊತ್ತ ಹೆಂಗಸರ, ಬೆಂಕಿ ಕಾದವರ ಹೆಸರು ಉಳಿಯಲಿಲ್ಲ. ಇದು ನನ್ನನ್ನು ಯಾವಾಗಲೂ ಕಾಡುತ್ತದೆ.

ಮಾಡಿನ ಮೇಲೆ ಹೋದ ಹಂಚು ಮನೆಯನ್ನು ತಂಪಾಗಿಡುತ್ತದೆ ಅನ್ನುವುದು ಬರೀ ಹಳೇ ಕಾಲದ ಮೇಲಿನ ಪ್ರೀತಿಯ ಮಾತಲ್ಲ. ಕಾಂಕ್ರೀಟ್ ತಾರಸಿ ಹಗಲಿಡೀ ಬಿಸಿ ಕುಡಿದು ರಾತ್ರಿ ಅದನ್ನು ಮಲಗಿದವರ ಮೇಲೆ ಬಿಡುತ್ತದೆ. ಹಂಚು ತೆಳು, ಸಂಜೆಯಾದ ಕೂಡಲೇ ತಣಿಯುತ್ತದೆ. ಹಂಚುಗಳ ನಡುವಿನ ಸಂದಿನಿಂದ ಬಿಸಿಗಾಳಿ ಮೇಲೆ ಹೋಗುತ್ತದೆ. ಮಳೆ ನಿಂತು ಬಿಸಿಲು ಬಂದಾಗ ಹಂಚಿನ ಸಣ್ಣ ರಂಧ್ರಗಳಲ್ಲಿ ಕೂತ ನೀರು ಆವಿಯಾಗುತ್ತಾ ಶಾಖವನ್ನು ಒಯ್ಯುತ್ತದೆ. ಕತ್ತಲೆ ಕೋಣೆಗೆ ಒಂದು ಕನ್ನಡಿ ಹಂಚು, ಅಂದರೆ ಗಾಜಿನ ಹಂಚು, ಕೂರಿಸಿದರೆ ಹಗಲಿಗೆ ದೀಪವೇ ಬೇಡ.

ಜೆಪ್ಪು ಗೆದ್ದ ಮೇಲೆ ಮಿಷನ್ ಕುದ್ರೋಳಿಯಲ್ಲಿ, ಮಲ್ಪೆಯಲ್ಲಿ, ಮಲಬಾರಿನಲ್ಲಿ ಕಾರ್ಖಾನೆ ತೆರೆಯಿತು. ಊರಿನ ಉದ್ಯಮಿಗಳೂ ಹಿಂದೆ ಬೀಳಲಿಲ್ಲ. ಹೊಳೆಯ ದಡದ ಗುಂಟ ಹೊಗೆ ಕೊಳವೆಗಳು ಎದ್ದವು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಹಂಚು ಹಾಯಿಹಡಗು ಹತ್ತಿ ಮುಂಬಯಿಗೆ ಹೋಗುತ್ತಿತ್ತು, ಸಮುದ್ರ ದಾಟಿಯೂ ಹೋಯಿತು.

ಅಷ್ಟರಲ್ಲಿ 1914 ಬಂತು. ಯುರೋಪಿನಲ್ಲಿ ಯುದ್ಧ ಶುರುವಾಯಿತು. ಮೊನ್ನೆವರೆಗೆ ಊರಿನ ಶಾಲೆ, ಪ್ರೆಸ್ಸು, ಕಾರ್ಖಾನೆ ನಡೆಸುತ್ತಿದ್ದ ಜರ್ಮನ್ನರು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರುಗಳಾದರು. ಅವರಲ್ಲಿ ಹಲವರನ್ನು ಅಹ್ಮದ್‌ನಗರದ ಬಂಧನ ಶಿಬಿರಕ್ಕೆ ಕಳಿಸಿದರು, ಉಳಿದವರು ದೇಶ ಬಿಡಬೇಕಾಯಿತು. ಮಿಷನ್‌ನ ಮೂಲ ಸ್ವಿಟ್ಜರ್‌ಲೆಂಡಿನಲ್ಲಿತ್ತು, ಅದು ಯುದ್ಧಕ್ಕೆ ಇಳಿಯದ ದೇಶ. ಅದೂ ಕೆಲಸಕ್ಕೆ ಬರಲಿಲ್ಲ. ಯುದ್ಧ ಮುಗಿದ ಮೇಲೆ 1919ರಲ್ಲಿ ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಗೆ ಹೋದವು. ಕಟ್ಟಿದವರು ಹೋದರೂ ಗೂಡು ಆರಲಿಲ್ಲ. ಕೆಲಸ ಅಷ್ಟು ಹೊತ್ತಿಗೆ ಊರಿನವರ ಕೈಗೆ ಹತ್ತಿಹೋಗಿತ್ತು. ಮುಂದೆ ಕರಾವಳಿಯ ಕಾರ್ಮಿಕ ಚಳವಳಿಯಲ್ಲಿ ಬೀಡಿ, ಗೇರುಬೀಜದ ಕೆಲಸಗಾರರ ಜೊತೆ ಹಂಚಿನ ಕೆಲಸಗಾರರೂ ಮುಂದೆ ನಿಂತು ಕೂಲಿ ಕೇಳಿದರು.

ಈಗ ಬಹುತೇಕ ಗೂಡುಗಳು ಆರಿವೆ. ತಾರಸಿ ಮನೆ ಬಂತು, ಸೌದೆ ದುಬಾರಿಯಾಯಿತು, ಗದ್ದೆ ಅಗೆದು ಮಣ್ಣು ತೆಗೆಯುವುದು ಕಷ್ಟವಾಯಿತು. ಗದ್ದೆ ಉಳಿಯಬೇಕು ಅನ್ನುವವರ ಪಕ್ಷ ನಾನು, ಹಾಗಾಗಿ ಈ ಕೊನೆಯ ಕಾರಣವನ್ನು ದೂರುವ ಮನಸ್ಸಿಲ್ಲ. ಆದರೆ ಹಳೇ ಮನೆ ಕೆಡವುವಾಗ ಇಳಿಸಿದ ಹಂಚು ಇನ್ನೂ ಕೈಬದಲಾಗುತ್ತಲೇ ಇದೆ. ಕೊಳ್ಳುವವರು ಎರಡು ಸಂಗತಿ ನೋಡಬೇಕು. ಕಡಲಿನ ಬದಿಯ ಮನೆಯದಾದರೆ ಮೈ ಪುಡಿಯುದುರುತ್ತಿದೆಯಾ ನೋಡಿ. ಉಪ್ಪುನೀರು ರಂಧ್ರಕ್ಕೆ ಇಳಿದು, ಒಣಗಿ ಹರಳಾಗಿ, ಒಳಗಿನಿಂದಲೇ ಹಂಚನ್ನು ಒಡೆಯುತ್ತದೆ. ಆಮೇಲೆ ಒಂದು ಮೂಲೆ ಹಿಡಿದು ಬೆರಳಗೆಣ್ಣಿನಿಂದ ತಟ್ಟಿ. ಗಟ್ಟಿ ಹಂಚಿನಲ್ಲಿ ಕಂಪನ ತಡೆಯಿಲ್ಲದೆ ಈ ತುದಿಯಿಂದ ಆ ತುದಿಗೆ ಓಡಿ ಟಣ್ ಅನ್ನುತ್ತದೆ. ಕಣ್ಣಿಗೆ ಕಾಣದ ಸಣ್ಣ ಬಿರುಕಿದ್ದರೂ ಅದರ ಎರಡು ಮೈ ಉಜ್ಜಿಕೊಂಡು ಕಂಪನವನ್ನು ನುಂಗುತ್ತವೆ, ಸದ್ದು ಮಂಕಾಗುತ್ತದೆ. ಮಂಕು ಸದ್ದಿನದನ್ನು ಬದಿಗಿಡಿ. ಉಳಿದದ್ದನ್ನು ಪಾಚಿ ಉಜ್ಜಿ ತೊಳೆದು ಮೇ ತಿಂಗಳೊಳಗೆ ಮಾಡಿಗೆ ಏರಿಸಿಬಿಡಿ.