ಒಂದೇ ಸೀಟಿನ ವಿಮಾನ ಕಲಿಯುವುದು ಹೇಗೆ?

ಸ್ಪಿಟ್‌ಫೈರ್ ಮೊದಲು ಹಾರಿದ್ದು 1936ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಈ ಯುದ್ಧವಿಮಾನ ಮಾಡಿದ ಹೆಸರು ಎಲ್ಲರಿಗೂ ಗೊತ್ತು. ಆದರೆ ಆಗ ಅದರಲ್ಲಿ ಇದ್ದದ್ದು ಒಂದೇ ಸೀಟು. ಹೊಸ ಪೈಲಟ್ ಮೊದಲ ಸಲ ಹಾರಿಸುವಾಗಲೇ ಒಂಟಿ. ಎದುರಿಗೆ ಸುಮಾರು 1,000 ಅಶ್ವಶಕ್ತಿಯ ಎಂಜಿನ್. "ಅಯ್ಯೋ, ಹಾಗಲ್ಲ" ಅನ್ನಲು ಜೊತೆಗೆ ಯಾರೂ ಇಲ್ಲ. ಹಾಗಾಗಿ ಮಾಡಬಹುದಾದ ತಪ್ಪುಗಳನ್ನೆಲ್ಲ ಮೊದಲೇ ಬೇರೆ ವಿಮಾನಗಳಲ್ಲಿ ಮಾಡಿ ಮುಗಿಸಿರಬೇಕಿತ್ತು.

ಬಹಳ ಜನರಿಗೆ ಶುರುವಾಗುತ್ತಿದ್ದದ್ದು ಟೈಗರ್ ಮಾತ್‌ನಿಂದ. 1931ರ ಈ ವಿಮಾನಕ್ಕೆ ಬಟ್ಟೆ ಹೊದಿಸಿದ, ಒಂದರ ಮೇಲೊಂದು ಇರುವ ಎರಡು ಜೊತೆ ರೆಕ್ಕೆ, 130 ಅಶ್ವಶಕ್ತಿ. ಚಕ್ರಕ್ಕೆ ಬ್ರೇಕೂ ಇರಲಿಲ್ಲ. ಮುಂದೆ ಶಿಕ್ಷಕ, ಹಿಂದೆ ಶಿಷ್ಯ, ಮಾತಾಡಲು ನಡುವೆ ಸ್ಟೆತಸ್ಕೋಪಿನಂಥ ಒಂದು ಕೊಳವೆ. ರೆಕ್ಕೆಗಳು ಹಿಂದಕ್ಕೆ ಬಾಗಿರುವುದು ಸುಮ್ನೆ ಚೆಂದಕ್ಕಲ್ಲ. ಇದಕ್ಕೂ ಮುಂಚಿನ ಮಾದರಿಯಲ್ಲಿ ಮೇಲಿನ ರೆಕ್ಕೆ ಶಿಕ್ಷಕನ ತಲೆಯ ಮೇಲೇ ಇತ್ತು. ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಹಾರುವುದು ಕಷ್ಟ. ಹಾಗಾಗಿ ಆ ರೆಕ್ಕೆಯನ್ನು ಮುಂದಕ್ಕೆ ಸರಿಸಿದರು. ಆಗ ಮೇಲೆತ್ತುವ ಬಲವೂ ಮುಂದೆ ಹೋಗಿ ತೂಕದ ಲೆಕ್ಕ ತಪ್ಪಿತು. ಅದನ್ನು ಸರಿದೂಗಿಸಲು ರೆಕ್ಕೆಯ ತುದಿಗಳನ್ನು ಹಿಂದಕ್ಕೆ ಬಾಗಿಸಿದರು.

ಅಸಲಿ ಪಾಠ ಮಾತ್ರ ಇದ್ದದ್ದು ನೆಲದ ಮೇಲೆ. ಆಗಿನ ವಿಮಾನಗಳು ಬಾಲ ಊರಿ ಕೂರುತ್ತಿದ್ದವು. ಉದ್ದದ ಪ್ರೊಪೆಲ್ಲರ್ ನೆಲಕ್ಕೆ ತಾಗಬಾರದಲ್ವಾ? ಆದರೆ ಹೀಗೆ ಕೂತಾಗ ವಿಮಾನದ ಭಾರ ಮುಖ್ಯ ಚಕ್ರಗಳ ಹಿಂದಕ್ಕೆ ಬೀಳುತ್ತದೆ. ಸೂಪರ್‌ಮಾರ್ಕೆಟ್ಟಿನ ಟ್ರಾಲಿಯನ್ನು ಹಿಂದುಮುಂದಾಗಿ ಜೋರಾಗಿ ತಳ್ಳಿ ನೋಡಿ. ಸ್ವಲ್ಪ ಸೊಟ್ಟಗಾದರೂ ಸಾಕು, ಹಿಂದಿನ ಭಾರವೇ ಮುಂದೆ ನುಗ್ಗಿ ಗಿರ್ರನೆ ತಿರುಗುತ್ತದೆ. ವಿಮಾನ ಹೀಗೆ ತಿರುಗಿದರೆ ಅದಕ್ಕೆ 'ಗ್ರೌಂಡ್ ಲೂಪ್' ಅನ್ನುತ್ತಾರೆ. ರೆಕ್ಕೆ ಮುರಿಯಲು ಅಷ್ಟು ಸಾಕು. ಇಳಿದ ಮೇಲೂ ನಿಲ್ಲುವ ತನಕ ಕಾಲು ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ಮೇಲೆ ಚುರುಕಾಗಿ ಆಡುತ್ತಲೇ ಇರಬೇಕು.

ಮುಂದಿನ ಮೆಟ್ಟಿಲು ಅಮೆರಿಕದ ಹಾರ್ವರ್ಡ್ ಎಂಬ ತರಬೇತಿ ವಿಮಾನ. 600 ಅಶ್ವಶಕ್ತಿ, ಮಡಚಿಕೊಳ್ಳುವ ಚಕ್ರ. ಇದು ಬರುತ್ತಿದೆ ಅಂತ ಕಿವಿಗೇ ಗೊತ್ತಾಗುತ್ತಿತ್ತು. ಸುಮಾರು 2.7 ಮೀಟರ್ ಅಗಲದ ಪ್ರೊಪೆಲ್ಲರ್ ಗೇರಿಲ್ಲದೆ ಎಂಜಿನ್ನಿಗೇ ಜೋಡಣೆ. ಪೂರ್ತಿ ಶಕ್ತಿಯಲ್ಲಿ ನಿಮಿಷಕ್ಕೆ 2,250 ಸುತ್ತು. ಲೆಕ್ಕ ಹಾಕಿದರೆ ಅದರ ತುದಿ ಸೆಕೆಂಡಿಗೆ ಸುಮಾರು 320 ಮೀಟರ್ ಓಡುತ್ತದೆ. ಶಬ್ದದ ವೇಗವೇ 340ರ ಹತ್ತಿರ. ಕಿವಿ ಕೊರೆಯುವ ಸದ್ದು ಬರುವುದು ಅಲ್ಲಿಂದ. ನನ್ನ ಮಟ್ಟಿಗೆ ಹಾರ್ವರ್ಡ್ ಒಳ್ಳೆಯ ಮೇಷ್ಟ್ರು: ನೆಲದ ಮೇಲೆ ಅದು ಸುಲಭವಾಗಿರಲಿಲ್ಲ.

ಇಷ್ಟೆಲ್ಲ ಕಲಿತು ಬಂದರೂ ಒಂದು ಪಾಠ ಬಾಕಿ ಇರುತ್ತಿತ್ತು. ಮೊದಮೊದಲ ಸ್ಪಿಟ್‌ಫೈರ್‌ಗಳಲ್ಲಿ ಚಕ್ರ ಮೇಲೆತ್ತಲು ಬಲಗೈಯಿಂದ ಪಂಪು ಹೊಡೆಯಬೇಕು. ಆಗ ಹಾರಿಸುವ ಕೋಲು ಎಡಗೈಗೆ. ಬಲಗೈ ಹಿಂದೆ ಮುಂದೆ ಆಡಿದಂತೆ ಎಡಗೈಯೂ ಗೊತ್ತಿಲ್ಲದೇ ಆಡುತ್ತಿತ್ತು. ಕೆಳಗೆ ನಿಂತವರಿಗೆ ಹೊಸಬ ಯಾರು ಅಂತ ಕೇಳಬೇಕಿರಲಿಲ್ಲ. ವಿಮಾನ ಮೇಲೆ ಕೆಳಗೆ ತೂಗುತ್ತಾ ಏರುತ್ತಿತ್ತು.